ಪಾಗಾರದ ಎರಡು ಗುಲಾಬಿ ಬಳ್ಳಿ: ಗಾಜಿನ ಭರಣಿಯಲ್ಲಿ ಫ್ಲಾವನಾಯ್ಡ್ ಪರೀಕ್ಷೆಯ ಕೆಲಸದ ದಾಖಲೆ

ಕಾರವಾರದಿಂದ ಭಟ್ಕಳದವರೆಗೆ ಮನೆಗಳ ಪಾಗಾರದ ಮೇಲೆ ಎರಡು ಗುಲಾಬಿ ಬಳ್ಳಿಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಒಂದು ಬೋಗನ್‌ವಿಲ್ಲಾ, ಅಂದರೆ ಕಾಗದದ ಹೂ. ಇನ್ನೊಂದು ಆಂಟಿಗೊನಾನ್ ಲೆಪ್ಟೋಪಸ್, ಹೃದಯದಾಕಾರದ ಎಲೆಯ, ಸಣ್ಣ ಹೂಗಳ ಗೊಂಚಲು ಬಿಡುವ ಬಳ್ಳಿ. ದೂರದಿಂದ ಬಣ್ಣ ಒಂದೇ. ಒಳಗಿನ ಬಣ್ಣದ ವಸ್ತುವಿಗೆ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ: ಆಂಟಿಗೊನಾನ್‌ನಲ್ಲಿರುವುದು ಆಂಥೋಸಯನಿನ್, ಫ್ಲಾವನಾಯ್ಡ್ ಎಂಬ ಸಸ್ಯವಸ್ತುಗಳ ಕುಟುಂಬದ್ದು. ಬೋಗನ್‌ವಿಲ್ಲಾದಲ್ಲಿರುವುದು ಬೀಟಾಲೈನ್, ಸಾರಜನಕ ಇರುವ ಬೇರೆಯೇ ಜಾತಿಯ ಬಣ್ಣ. ಒಂದೇ ಗಿಡದಲ್ಲಿ ಇವೆರಡೂ ಒಟ್ಟಿಗೆ ಸಿಕ್ಕಿದ ಉದಾಹರಣೆ ನಿಸರ್ಗದಲ್ಲಿಲ್ಲ. ಸಸ್ಯ ವರ್ಗೀಕರಣಕ್ಕೆ ರಸಾಯನಶಾಸ್ತ್ರ ಕೊಟ್ಟ ಸಾಕ್ಷ್ಯಗಳಲ್ಲಿ ಇಷ್ಟು ಖಚಿತವಾದದ್ದು ಕಡಿಮೆ.

ಸಿರಸಿ, ಕುಮಟಾ, ಕಾರವಾರ ಕಡೆಯ ಯಾವುದೇ ಪದವಿ ಕಾಲೇಜಿನ ಸಸ್ಯಶಾಸ್ತ್ರ ಲ್ಯಾಬಿನಲ್ಲಿ ಇರುವ ಸಾಮಾನಿನಿಂದ ಇದನ್ನು ಕಣ್ಣಾರೆ ತೋರಿಸಬಹುದು. ಅದರಿಂದ ಒಂದು ಹೆಜ್ಜೆ ಮುಂದೆ ಹೋಗಿ ಯಾವ ಹೂವಿನಲ್ಲಿ ಯಾವ ಆಂಥೋಸಯನಿಡಿನ್ (ಆಂಥೋಸಯನಿನ್‌ನಿಂದ ಸಕ್ಕರೆ ಕಳಚಿದಾಗ ಉಳಿಯುವ ತಿರುಳು), ಯಾವ ಫ್ಲಾವನಾಲ್ (ಪೇಲವ ಹಳದಿ ಫ್ಲಾವನಾಯ್ಡ್) ಇದೆ ಎಂದು ಕಾಗದದ ಮೇಲೆ ದ್ರಾವಣ ಏರಿಸಿ ಬೇರ್ಪಡಿಸಲೂಬಹುದು. ಕೆಲಸದ ಹೂವಿನ ಭಾಗ ಪೂರ್ತಿ ಮುಗಿದಿದೆ. ಎಲೆಯ ಭಾಗದಲ್ಲಿ ಒಂದು ಕಡೆ ಸಿಕ್ಕಿಕೊಂಡಿದೆ. ಅದನ್ನೂ ಹಾಗೇ ಬರೆದಿದೆ.

ಹಂತ 1: ಸಾಮಾನು

ಭರಣಿ: ಕಿರಾಣಿ ಅಂಗಡಿಯಲ್ಲಿ ಪೆಪ್ಪರ್‌ಮಿಂಟ್ ಇಡುತ್ತಿದ್ದಂಥ ದೊಡ್ಡ ಗಾಜಿನ ಭರಣಿ, ಎತ್ತರ ಕನಿಷ್ಠ 26 ಸೆಂ.ಮೀ., ಬಾಯಿ ಕೈ ಹೋಗುವಷ್ಟು ಅಗಲ. ಅದರ ತಗಡಿನ ಮುಚ್ಚಳ ಬೇಡ. ಆಮ್ಲದ ಆವಿಗೆ ತುಕ್ಕು ಹಿಡಿದು, ತುಕ್ಕಿನ ಹನಿ ಕಾಗದದ ಮೇಲೆ ಬೀಳುತ್ತದೆ. ಕಬ್ಬಿಣ ತಾಗಿದ ಫ್ಲಾವನಾಯ್ಡ್ ಕಪ್ಪು ಹಸಿರಾಗುತ್ತದೆ, ಆ ಕಾಗದ ಕಸಕ್ಕೇ. ಭರಣಿಯ ಬಾಯಿಗೆ ವ್ಯಾಸಲೀನ್ ಸವರಿ ಒಂದು ಗಾಜಿನ ತುಂಡು ಮುಚ್ಚಿದರೆ ಸಾಕು. ಕಿಟಕಿ ಗಾಜು ಕತ್ತರಿಸುವ ಅಂಗಡಿಯಲ್ಲಿ ಉಳಿಕೆ ತುಂಡು ಕೇಳಿದರೆ ಹೆಚ್ಚು ಖರ್ಚಿಲ್ಲ.

ಕಾಗದ: ವಾಟ್‌ಮನ್ ನಂ. 1. ಇದರಲ್ಲಿ ಉಳಿತಾಯ ಮಾಡಬಾರದು. ಸಾಮಾನ್ಯ ಫಿಲ್ಟರ್ ಪೇಪರಿನಲ್ಲಿ ದ್ರಾವಣ ಒಂದು ಕಡೆ ಬೇಗ, ಒಂದು ಕಡೆ ತಡವಾಗಿ ಏರುತ್ತದೆ, ಅಳತೆಗೆ ಅರ್ಥವೇ ಇರುವುದಿಲ್ಲ. 46 × 57 ಸೆಂ.ಮೀ. ಹಾಳೆಯನ್ನು 23 × 19 ಅಳತೆಗೆ ಕತ್ತರಿಸಿದರೆ ಒಂದು ಹಾಳೆಯಿಂದ ಸರಿಯಾಗಿ ಆರು ತುಂಡು ಬರುತ್ತವೆ, ಒಂದು ಚೂರೂ ವ್ಯರ್ಥವಾಗುವುದಿಲ್ಲ. ನೂರು ಹಾಳೆಯ ಕಟ್ಟು ಒಂದು ಕಾಲೇಜಿಗೆ ಭಾರ. ಎರಡು ಮೂರು ಕಾಲೇಜು ಸೇರಿ ತರಿಸಿ ಹಂಚಿಕೊಳ್ಳುವುದು ಒಳ್ಳೆಯದು.

ನೇರಳಾತೀತ ಟಾರ್ಚ್: 365 ನ್ಯಾನೋಮೀಟರ್, ಮುಂದೆ ಕಪ್ಪು ಫಿಲ್ಟರ್ ಗಾಜು ಇರುವಂಥದ್ದು. ಸಾಧಾರಣ ದರ್ಜೆಯದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ನೋಟು ಪರೀಕ್ಷಿಸಲು ಮಾರುವ ಅಗ್ಗದ ಟಾರ್ಚುಗಳು ಹೆಚ್ಚಾಗಿ 395ರವು. ಅವುಗಳಿಂದ ಕಣ್ಣಿಗೆ ಕಾಣುವ ನೇರಳೆ ಬೆಳಕೇ ಕಾಗದದ ತುಂಬ ಹರಡಿ, ಮಂದವಾದ ಚುಕ್ಕೆಗಳೆಲ್ಲ ಮುಳುಗಿಹೋಗುತ್ತವೆ. ಟಾರ್ಚಿನ ಬೆಳಕನ್ನು ನೇರ ನೋಡಬಾರದು, ಕನ್ನಡಕ ಹಾಕಿಕೊಳ್ಳಬೇಕು.

ರಾಸಾಯನಿಕ: ಮೆಥನಾಲ್, ಈಥೈಲ್ ಅಸಿಟೇಟ್, ಎನ್-ಬ್ಯುಟನಾಲ್, ಅಮೈಲ್ ಆಲ್ಕೊಹಾಲ್, ಗ್ಲೇಶಿಯಲ್ ಅಸಿಟಿಕ್ ಆಮ್ಲ, ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ, ಕಾಸ್ಟಿಕ್ ಸೋಡಾ, ಅಮೋನಿಯಾ. ಅರ್ಧರ್ಧ ಲೀಟರ್ ತೆಗೆದುಕೊಂಡರೆ ವರ್ಷಗಟ್ಟಲೆ ಸಾಕು. ಹುಬ್ಬಳ್ಳಿಯಿಂದ ತರಿಸುವಾಗ ಸಾಗಾಟದ ಖರ್ಚನ್ನೂ ಲೆಕ್ಕ ಹಾಕಿ.

ಎರಡು ಮೋಲಾರ್ ಆಮ್ಲಕ್ಕೆ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ 17 ಮಿ.ಲೀ.ಯನ್ನು ನೀರಿಗೆ ಹಾಕಿ 100 ಮಿ.ಲೀ. ಮಾಡಬೇಕು. ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ. ಕ್ಷಾರಕ್ಕೆ ಕಾಸ್ಟಿಕ್ ಸೋಡಾ 8 ಗ್ರಾಂ, ಒಟ್ಟು 100 ಮಿ.ಲೀ.

ಹಂತ 2: ಸೋಸುವ ಮೊದಲೇ ಕೆಡುವ ಜಾಗಗಳು

ಎಸಳು ಅರೆಯುವಾಗ ಸ್ವಲ್ಪ ಮರಳು ಹಾಕುವುದು ವಾಡಿಕೆ. ಕರಾವಳಿಯಲ್ಲಿ ಕೈಗೆ ಸಿಗುವುದು ಬೀಚಿನ ಮರಳು. ಅದನ್ನು ಬಳಸಬೇಡಿ. ಅದರಲ್ಲಿ ಚಿಪ್ಪಿನ ಪುಡಿ ಇರುತ್ತದೆ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ಸೇರಿಸಿದೊಡನೆ ನೊರೆ ಬರುತ್ತದೆ, ಆಮ್ಲ ತನ್ನ ಬಲ ಕಳೆದುಕೊಳ್ಳುತ್ತದೆ, ಕೆಂಪಾಗಿರಬೇಕಾದ ಆಂಥೋಸಯನಿನ್ ಬಿಳಿಚಿಕೊಳ್ಳುತ್ತದೆ. ನೋಡಿದವರು "ಈ ಹೂವಿನಲ್ಲಿ ಬಣ್ಣವೇ ಕಡಿಮೆ" ಎಂದು ಬರೆದುಕೊಳ್ಳುತ್ತಾರೆ. ಹೊಳೆ ಮರಳನ್ನು ಆಮ್ಲದಲ್ಲಿ ಒಂದು ರಾತ್ರಿ ನೆನೆಹಾಕಿ, ನೊರೆ ನಿಂತ ಮೇಲೆ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ ಇಟ್ಟುಕೊಳ್ಳುವುದು ಸರಿಯಾದ ದಾರಿ.

ದಾಸವಾಳದ್ದು ಲೋಳೆಯ ತೊಂದರೆ. ಎಸಳನ್ನು ನೀರಿನಲ್ಲಿ ಅರೆದರೆ ಗಂಜಿಯಂತಾಗಿ ಫಿಲ್ಟರಿನಲ್ಲಿ ಒಂದು ಹನಿಯೂ ಇಳಿಯುವುದಿಲ್ಲ. ಬಸಳೆ ಹಣ್ಣಿನ ಕಥೆಯೂ ಅದೇ. ದಾಸವಾಳಕ್ಕೆ ಮೊದಲಿನಿಂದಲೇ ಮೆಥನಾಲ್ 99 ಭಾಗ, ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ 1 ಭಾಗದ ಮಿಶ್ರಣ ಬಳಸಿ. ಲೋಳೆ ಗಟ್ಟಿಯಾಗಿ ಬೇರೆ ಕೂರುತ್ತದೆ, ಹತ್ತಿಯಲ್ಲಿ ಸೋಸಬಹುದು. ಒಂದು ಗ್ರಾಂ ಎಸಳಿಗೆ 5 ಮಿ.ಲೀ. ಸಾಕು. ಹೆಚ್ಚು ಹಾಕಿದರೆ ತೆಳುವಾಗಿ, ಆಮೇಲೆ ಇಂಗಿಸುವ ಕೆಲಸ ಬೀಳುತ್ತದೆ.

ಬೋಗನ್‌ವಿಲ್ಲಾ, ಹರಿವೆ, ಬಸಳೆ, ಕೋಳಿಜುಟ್ಟುಗಳಿಗೆ ಈ ಆಮ್ಲದ ಮೆಥನಾಲ್ ಹಾಕಬಾರದು. ಬೀಟಾಲೈನ್ ಬಣ್ಣಗಳು ಶುದ್ಧ ಮೆಥನಾಲಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ, ಆಮ್ಲದಲ್ಲಿ ಹೆಚ್ಚು ಹೊತ್ತು ಉಳಿಯುವುದೂ ಇಲ್ಲ. ಇವಕ್ಕೆ ತಣ್ಣೀರು, ಇಲ್ಲವೇ ಅರ್ಧ ನೀರು ಅರ್ಧ ಮೆಥನಾಲ್. ಬಸಳೆ ಹಣ್ಣಿಗೆ ಅರ್ಧರ್ಧವೇ ಉತ್ತಮ, ಲೋಳೆಯ ಕಾಟ ತಗ್ಗುತ್ತದೆ.

ಹಂತ 3: ನಾಲ್ಕು ಪ್ರನಾಳ

ಭರಣಿ, ಕಾಗದ ಯಾವುದೂ ಇಲ್ಲದಿದ್ದರೂ ಈ ಹಂತವೊಂದನ್ನು ಮಾಡಿಯೇ ಮಾಡಬೇಕು. ಈ ದಾಖಲೆಯ ಜೀವ ಇಲ್ಲಿದೆ.

ಹೋಲಿಕೆಗೆ ಎಲ್ಲ ಹೂವಿನದೂ ಅರ್ಧ ನೀರು ಅರ್ಧ ಮೆಥನಾಲಿನ ಸಾರ ತೆಗೆದು, ಪ್ರತಿಯೊಂದನ್ನೂ ನಾಲ್ಕು ಪ್ರನಾಳಗಳಿಗೆ ಎರಡೆರಡು ಮಿ.ಲೀ. ಹಾಕಿ. ಮೊದಲನೆಯದು ಹಾಗೇ ಇರಲಿ. ಎರಡನೆಯದಕ್ಕೆ ಸಮ ಪ್ರಮಾಣದ ಎರಡು ಮೋಲಾರ್ ಆಮ್ಲ, ಬಿಸಿ ಮಾಡದೆ. ಮೂರನೆಯದಕ್ಕೂ ಅದೇ ಆಮ್ಲ, ಆದರೆ ಕುದಿಯುವ ನೀರಿನ ಪಾತ್ರೆಯಲ್ಲಿ 5 ನಿಮಿಷ. ನಾಲ್ಕನೆಯದಕ್ಕೆ ಕ್ಷಾರ, ಹನಿ ಹನಿಯಾಗಿ. ಮೆಥನಾಲ್ ಇರುವುದರಿಂದ ನೀರನ್ನು ಕುದಿಸಿ, ಒಲೆ ಆರಿಸಿ, ಆಮೇಲೆ ಪ್ರನಾಳ ಇಳಿಸಿ.

ಆಂಟಿಗೊನಾನ್: ತಣ್ಣನೆಯ ಆಮ್ಲದಲ್ಲಿ ಗುಲಾಬಿ ಇನ್ನಷ್ಟು ಉಜ್ವಲ. ಬಿಸಿ ಮಾಡಿದರೂ ಬಣ್ಣ ನಿಲ್ಲುತ್ತದೆ. ಕ್ಷಾರದ ಮೊದಲ ಹನಿಗೇ ನೀಲಿ ಹಸಿರು, ಸ್ವಲ್ಪ ಹೊತ್ತಿಗೆ ಮಾಸಿ ಹಳದಿ ಕಂದು.

ಬೋಗನ್‌ವಿಲ್ಲಾ: ತಣ್ಣನೆಯ ಆಮ್ಲದಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಬಿಸಿ ನೀರಿಗೆ ಇಳಿಸಿದ ಮೇಲೆ ನೋಡುತ್ತ ನಿಲ್ಲಬೇಕು. ಗುಲಾಬಿ ಮೇಲಿನಿಂದ ಕೆಳಕ್ಕೆ ಮಂಕಾಗುತ್ತ ಬಂದು ಐದು ನಿಮಿಷದೊಳಗೆ ಪೇಲವ ಹಳದಿ ಉಳಿಯುತ್ತದೆ. ತಣ್ಣಗಾದ ಮೇಲೂ ಗುಲಾಬಿ ಮರಳುವುದಿಲ್ಲ. ಕ್ಷಾರ ಹಾಕಿದ ಪ್ರನಾಳದಲ್ಲಿ ನೀಲಿಯ ಸುಳಿವೇ ಇಲ್ಲದೆ ನೇರ ಹಳದಿ.

ದಾಸವಾಳ, ಗುಲಾಬಿ, ಗೌರಿ ಹೂ (ಬಾಲ್ಸಂ), ಬದನೆ ಸಿಪ್ಪೆ, ಮುರುಗಲು ಸಿಪ್ಪೆ ಎಲ್ಲವೂ ಆಂಟಿಗೊನಾನ್ ದಾರಿಯಲ್ಲಿ. ಹರಿವೆ, ಬಸಳೆ ಹಣ್ಣು, ಕೋಳಿಜುಟ್ಟು, ಸಂಜೆ ಮಲ್ಲಿಗೆ, ಟೇಬಲ್ ರೋಸ್, ಪಾಪಾಸುಕಳ್ಳಿಯ ಹಣ್ಣು, ಬೀಟ್‌ರೂಟ್ ಬೋಗನ್‌ವಿಲ್ಲಾ ದಾರಿಯಲ್ಲಿ.

ಇಲ್ಲಿ ಎರಡು ಮೋಸಗಳಿವೆ. ಒಂದು, ಟ್ಯಾನಿನ್. ಹಸಿ ಅಡಿಕೆಯ ಚೂರನ್ನು ಬ್ಯುಟನಾಲ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬಿಸಿ ಮಾಡಿ ನೋಡಿ, ಗಾಢ ಕೆಂಪು ಬರುತ್ತದೆ. ಅಡಿಕೆಯಲ್ಲಿ ಆ ಕೆಂಪು ಮೊದಲೇ ಇತ್ತೆಂದಲ್ಲ. ಚೊಗರಿಗೆ (ಅಡಿಕೆ ಬೇಯಿಸಿದ ಸಾರಕ್ಕೆ) ಒಗರು ಕೊಡುವ ಟ್ಯಾನಿನ್, ಅಂದರೆ ಪ್ರೋಆಂಥೋಸಯನಿಡಿನ್‌ಗಳು ಬಿಸಿ ಆಮ್ಲದಲ್ಲಿ ಒಡೆದು ಸಯನಿಡಿನ್ ಎಂಬ ಕೆಂಪು ಆಂಥೋಸಯನಿಡಿನ್ ಆಗುತ್ತವೆ. ಒಗರು ಇರುವ ಯಾವ ಎಲೆ, ಕಾಯಿಯಲ್ಲೂ ಇದು ಆಗಬಹುದು. ಆದ್ದರಿಂದ ಬಿಸಿ ಮಾಡುವ ಮೊದಲಿನ ಬಣ್ಣ ಬರೆದಿಡದೆ ಮೂರನೆಯ ಪ್ರನಾಳ ನಂಬಬಾರದು. ಆಂಟಿಗೊನಾನ್ ಬಿಸಿಯಲ್ಲಿ ಇನ್ನಷ್ಟು ಕೆಂಪಾದರೆ ಅದರಲ್ಲಿ ಟ್ಯಾನಿನ್ನಿನ ಪಾಲೂ ಇರಬಹುದು.

ಇನ್ನೊಂದು, ಕಲರಿಮೀಟರ್, ಅಂದರೆ ದ್ರಾವಣ ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಯಂತ್ರ. ಲ್ಯಾಬಿನಲ್ಲಿದೆ ಎಂದು 540ರ ಫಿಲ್ಟರ್ ಹಾಕಿ ಅಳೆದರೆ ಎರಡೂ ಬಣ್ಣ ಒಂದೇ ರೀತಿ ಕಾಣುತ್ತವೆ. ಆಮ್ಲದ ಮೆಥನಾಲಿನಲ್ಲಿ ಸಯನಿಡಿನ್ ಬೆಳಕು ಹೀರುವ ಶಿಖರ 535 ನ್ಯಾನೋಮೀಟರ್ ಹತ್ತಿರ, ಬೀಟ್‌ರೂಟಿನ ಬೀಟಾನಿನ್‌ನದೂ ನೀರಿನಲ್ಲಿ ಅಲ್ಲೇ. ಬಿಸಿ ಆಮ್ಲ ಬೇರ್ಪಡಿಸುವುದನ್ನು ಆ ಯಂತ್ರ ಬೇರ್ಪಡಿಸಲಾರದು.

ಹಂತ 4: ಬಿಳಿ ಮತ್ತು ಹಳದಿ ಹೂ, ಅಮೋನಿಯಾ ಆವಿ

ಇದು ಬೇಗ ಮುಗಿಯುತ್ತದೆ. ಬಿಳಿ ದಾಸವಾಳದ ಎಸಳನ್ನು ಅಮೋನಿಯಾ ಬಾಟಲಿಯ ಬಾಯಿಗೆ ಹಿಡಿದರೆ ಹಳದಿಯಾಗುತ್ತದೆ. ಬಿಳಿಯಾಗಿ ಕಂಡರೂ ಒಳಗೆ ಫ್ಲಾವೋನ್, ಫ್ಲಾವನಾಲ್ ಎಂಬ ಪೇಲವ ಫ್ಲಾವನಾಯ್ಡ್‌ಗಳು ಇರುತ್ತವೆ ಎಂಬುದಕ್ಕೆ ಅದೇ ಪುರಾವೆ. ಮುಂದಿನದು ಹಳದಿ, ಕಿತ್ತಳೆ ಕಾಸ್ಮಾಸ್ (ಕಾಸ್ಮಾಸ್ ಸಲ್ಫ್ಯೂರಿಯಸ್, ಮಳೆ ನಿಂತ ಮೇಲೆ ರಸ್ತೆ ಬದಿಯಲ್ಲೇ ಸಿಗುತ್ತದೆ) ಮತ್ತು ಗೊಂಡೆ ಹೂ. ಅಮೋನಿಯಾಕ್ಕೆ ಕಾಸ್ಮಾಸ್ ಕೆಂಪಿಗೆ ತಿರುಗುತ್ತದೆ, ಗೊಂಡೆ ಹಾಗೆ ತಿರುಗುವುದಿಲ್ಲ. ಕಾಸ್ಮಾಸ್‌ನಲ್ಲಿ ಚಾಲ್ಕೋನ್, ಔರೋನ್ ಎಂಬ ಹಳದಿ ಫ್ಲಾವನಾಯ್ಡ್‌ಗಳಿವೆ. ಗೊಂಡೆಯ ಬಣ್ಣ ಮುಖ್ಯವಾಗಿ ಕೆರೋಟಿನಾಯ್ಡ್, ಜೊತೆಗೆ ಕ್ವೆರ್ಸೆಟಜೆಟಿನ್ ಎಂಬ ಫ್ಲಾವನಾಲ್. ಎರಡೂ ಆಸ್ಟರೇಸೀ ಕುಟುಂಬದವೇ. ಕಾಸ್ಮಾಸ್, ಕೊರಿಯಾಪ್ಸಿಸ್, ಡೇಲಿಯಾ ಇರುವ ಬಳಗದಲ್ಲಿ ಈ ಹಳದಿ ಚಾಲ್ಕೋನ್, ಔರೋನ್‌ಗಳು ಒಟ್ಟಾಗಿ ಕಾಣಿಸಿಕೊಳ್ಳುತ್ತವೆ. ಕುಟುಂಬದೊಳಗಿನ ಬಳಗ ಗುರುತಿಸಲು ಇಷ್ಟು ಸುಲಭದ ಪರೀಕ್ಷೆ ಇನ್ನೊಂದಿಲ್ಲ.

ಮುತ್ತುಗದ ಹೂವನ್ನೂ ಹೀಗೇ ನೋಡಬಹುದು. ಅದರ ಹಳದಿ ಬಣ್ಣಕ್ಕೂ ಚಾಲ್ಕೋನ್ ಕಾರಣ, ಬ್ಯೂಟಿಯಾ ಎಂಬ ಜಾತಿಯ ಹೆಸರಿನಿಂದಲೇ ಬ್ಯೂಟೀನ್ ಎಂಬ ಹೆಸರು ಬಂತು. ಆದರೆ ಮುತ್ತುಗ ಫ್ಯಾಬೇಸೀ ಕುಟುಂಬದ್ದು, ಕಾಸ್ಮಾಸ್‌ಗೆ ಏನೂ ಅಲ್ಲ. ಒಂದು ವಸ್ತು ಎರಡು ಕಡೆ ಸಿಕ್ಕಿತೆಂದು ನಂಟು ಕಟ್ಟಬಾರದು.

ಹಂತ 5: ಜಲವಿಚ್ಛೇದನೆ

ಹೂವಿನಲ್ಲಿ ಆಂಥೋಸಯನಿಡಿನ್ ಸಕ್ಕರೆಗೆ ಅಂಟಿಕೊಂಡಿರುತ್ತದೆ. ಯಾವ ಸಕ್ಕರೆ, ಎಷ್ಟು ಎಂಬುದು ತಳಿಯಿಂದ ತಳಿಗೆ ಬದಲಾಗಬಹುದು. ಮೊದಲ ಸುತ್ತಿಗೆ ಆಮ್ಲದಲ್ಲಿ ಕುದಿಸಿ ಸಕ್ಕರೆ ಕಳಚಿ (ಇದೇ ಜಲವಿಚ್ಛೇದನೆ), ಒಳಗಿನ ತಿರುಳನ್ನಷ್ಟೇ ನೋಡುವುದು ಒಳ್ಳೆಯದು.

ಅರ್ಧ ಗ್ರಾಂ ಎಸಳು, 5 ಮಿ.ಲೀ. ಎರಡು ಮೋಲಾರ್ ಆಮ್ಲ, ಕುದಿಯುವ ನೀರಿನಲ್ಲಿ 40 ನಿಮಿಷ. ತಣ್ಣಗಾದ ಮೇಲೆ ಸೋಸಿ. ಎರಡು ಮಿ.ಲೀ. ಈಥೈಲ್ ಅಸಿಟೇಟ್ ಹಾಕಿ ಕುಲುಕಿದರೆ ಫ್ಲಾವೋನ್, ಫ್ಲಾವನಾಲ್‌ಗಳು ಮೇಲಿನ ಪದರಕ್ಕೆ ಹೋಗುತ್ತವೆ, ಕೆಂಪು ಕೆಳಗಿನ ನೀರಿನಲ್ಲಿ ಉಳಿಯುತ್ತದೆ. ಮೇಲಿನದನ್ನು ಡ್ರಾಪರಿನಿಂದ ಎತ್ತಿ ಬೇರೆ ಇಡಿ, ಇನ್ನೊಮ್ಮೆ ಹೀಗೇ ಮಾಡಿ. ಕೆಳಗಿನ ಕೆಂಪು ನೀರನ್ನು ಬಿಸಿ ನೀರಿನಲ್ಲಿಟ್ಟು ಉಳಿದ ಈಥೈಲ್ ಅಸಿಟೇಟ್ ಪೂರ್ತಿ ಹಾರಿಸಬೇಕು, ಹತ್ತಿರ ಬೆಂಕಿ ಇರಕೂಡದು. ಆಮೇಲೆ ಹತ್ತು ಹನಿ ಅಮೈಲ್ ಆಲ್ಕೊಹಾಲ್ ಹಾಕಿ ಕುಲುಕಿ. ಕೆಂಪೆಲ್ಲ ಆ ತೆಳು ಪದರಕ್ಕೆ ಏರಿ ದಟ್ಟವಾಗಿ ನಿಲ್ಲುತ್ತದೆ. ಈಥೈಲ್ ಅಸಿಟೇಟ್ ಪೂರ್ತಿ ಹಾರದಿದ್ದರೆ ಈ ಪದರ ದಪ್ಪವಾಗಿ, ಬಣ್ಣ ತೆಳುವಾಗಿ, ಕಾಗದದ ಮೇಲೆ ಏನೂ ಕಾಣದ ಸ್ಥಿತಿ ಬರುತ್ತದೆ. ಹೆಚ್ಚಿನವರ ಕೈ ಸೋಲುವುದು ಇಲ್ಲೇ.

ಸಕ್ಕರೆ ಕಳಚಿದ ಆಂಥೋಸಯನಿಡಿನ್ ಬೆಳಕಿಗೆ ಬೇಗ ಮಾಸುತ್ತದೆ. ಅಂದೇ ಕಾಗದಕ್ಕೆ ಹಾಕಬೇಕು, ನಾಳೆಗೆ ಇಡಬಾರದು.

ಹಂತ 6: ಅಡುಗೆಮನೆಯ ಮಾದರಿಗಳು

ಕಾಗದದ ಮೇಲೆ ಹೋಲಿಸಿ ನೋಡಲು ಗೊತ್ತಿರುವ ವಸ್ತುವಿನ ಮಾದರಿ ಬೇಕು. ಶುದ್ಧ ಸಯನಿಡಿನ್, ಡೆಲ್ಫಿನಿಡಿನ್ ಮಿಲಿಗ್ರಾಂ ಲೆಕ್ಕದಲ್ಲಿ ಸಾವಿರಾರು ರೂಪಾಯಿ. ಬೇಡ. ಮೇಲಿನ ವಿಧಾನದಲ್ಲೇ ಜಲವಿಚ್ಛೇದನೆ ಮಾಡಿದ ಮನೆಯ ಸಾಮಾನುಗಳು ಮಾದರಿಯ ಕೆಲಸ ಮಾಡುತ್ತವೆ: ಸಯನಿಡಿನ್‌ಗೆ ಮುರುಗಲು ಸಿಪ್ಪೆ, ಡೆಲ್ಫಿನಿಡಿನ್‌ಗೆ ನೇರಳೆ ಬದನೆಯ ಸಿಪ್ಪೆ, ಪೆಲಾರ್ಗೊನಿಡಿನ್‌ಗೆ ಕೆಂಪು ಮೂಲಂಗಿಯ ಸಿಪ್ಪೆ. ಫ್ಲಾವನಾಲ್‌ಗಳಿಗೆ ಚಹಾ ಪುಡಿ ಅತ್ಯುತ್ತಮ. ಮಿರಿಸೆಟಿನ್, ಕ್ವೆರ್ಸೆಟಿನ್, ಕೆಂಫೆರಾಲ್ ಮೂರೂ ಒಂದರಿಂದಲೇ ಸಿಗುತ್ತವೆ. ಕ್ವೆರ್ಸೆಟಿನ್ ಒಂದೇ ಸಾಕಾದರೆ ಈರುಳ್ಳಿಯ ಒಣ ಹೊರಸಿಪ್ಪೆ.

ಮುರುಗಲು ಸಿಪ್ಪೆ ಕೊಳ್ಳುವಾಗ ಉಪ್ಪು ಹಾಕದೆ ಒಣಗಿಸಿದ್ದು ಕೇಳಿ ತನ್ನಿ. ಉಪ್ಪು ಹಾಕಿದ್ದರಿಂದ ತೆಗೆದ ಸಾರ ಕಾಗದದ ಮೇಲೆ ದುಂಡು ಚುಕ್ಕೆಯಾಗಿ ನಿಲ್ಲದೆ ಬಾಲ ಎಳೆದುಕೊಂಡು ಹೋಗುತ್ತದೆ. ಅಮೈಲ್ ಆಲ್ಕೊಹಾಲ್ ಹಂತ ಬಿಡದೆ ಮಾಡಿದರೆ ಉಪ್ಪು ಹೆಚ್ಚುಪಾಲು ಹಿಂದೆ ಉಳಿಯುತ್ತದೆ.

ಹಂತ 7: ಕಾಗದ ಓಡಿಸುವುದು

ದ್ರಾವಣ: ಗ್ಲೇಶಿಯಲ್ ಅಸಿಟಿಕ್ ಆಮ್ಲ 60 ಮಿ.ಲೀ., ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ 6 ಮಿ.ಲೀ., ನೀರು 20 ಮಿ.ಲೀ. ಫಾರೆಸ್ಟಾಲ್ ಎಂಬ ಹೆಸರಿನ 30:3:10 ಮಿಶ್ರಣ ಇದೇ. ಭರಣಿಯ ತಳದಲ್ಲಿ ಒಂದು ಸೆಂ.ಮೀ. ಎತ್ತರ ಬಂದರೆ ಸಾಕು. ಕಾಗದ ಇಳಿಸುವ ಮೊದಲು ಮುಚ್ಚಿ ಅರ್ಧ ತಾಸು ಬಿಡಿ, ಆವಿ ತುಂಬಬೇಕು.

ಕಾಗದದ 19 ಸೆಂ.ಮೀ. ಅಂಚು ಕೆಳಗೆ. ಅಂಚಿನಿಂದ ಎರಡೂವರೆ ಸೆಂ.ಮೀ. ಮೇಲೆ ಸೀಸದ ಕಡ್ಡಿಯಲ್ಲಿ ಗೆರೆ. ಪೆನ್ನಿನ ಗೆರೆ ದ್ರಾವಣದ ಜೊತೆ ಮೇಲೇರಿ ತಾನೂ ಬಣ್ಣ ಬಿಡುತ್ತದೆ. ಎರಡೂ ಬದಿ ಜಾಗ ಬಿಟ್ಟು ಎರಡೆರಡು ಸೆಂ.ಮೀ. ಅಂತರದಲ್ಲಿ ಎಂಟು ಚುಕ್ಕೆ: ಮೂರು ಮಾದರಿಗೆ, ಐದು ಹೂವಿಗೆ. ಕ್ಯಾಪಿಲರಿ ನಳಿಗೆಯಲ್ಲಿ ತುಸು ತುಸುವೇ ಹಾಕಿ, ಪ್ರತಿ ಸಲ ತಣ್ಣನೆಯ ಗಾಳಿಯಲ್ಲಿ ಒಣಗಿಸಿ. ಚುಕ್ಕೆ 5 ಮಿ.ಮೀ. ದಾಟಬಾರದು.

ಕಾಗದವನ್ನು ಕೊಳವೆಯಂತೆ ಸುತ್ತಿ, ಅಂಚಿಗೆ ಅಂಚು ತಾಗದಂತೆ ಬಿಳಿ ಹತ್ತಿ ದಾರದಲ್ಲಿ ಎರಡು ಹೊಲಿಗೆ ಹಾಕಿ ನಿಲ್ಲಿಸಿ. ಸ್ಟೇಪಲ್ ಪಿನ್ ಹೊಡೆದರೆ ಈ ಆಮ್ಲದಲ್ಲಿ ಕರಗಿ ಕಂದು ಗೀರು ಏರುತ್ತದೆ. ಬೆಳಿಗ್ಗೆ ಲ್ಯಾಬ್ ತೆರೆದಾಗ ಇಟ್ಟು, ಸಂಜೆ ಬೀಗ ಹಾಕುವ ಮೊದಲು ನೋಡಿ. ದ್ರಾವಣ ಗೆರೆಯಿಂದ 16 ಸೆಂ.ಮೀ. ಏರಿದ್ದರೆ ತೆಗೆದು, ಮುಂಚೂಣಿಯನ್ನು ತಕ್ಷಣ ಸೀಸದ ಕಡ್ಡಿಯಲ್ಲಿ ಗುರುತಿಸಿ. ಒಣಗಿದ ಮೇಲೆ ಆ ಗೆರೆ ಕಾಣುವುದಿಲ್ಲ.

ಚುಕ್ಕೆ ಏರಿದ ದೂರವನ್ನು ದ್ರಾವಣ ಏರಿದ ದೂರದಿಂದ ಭಾಗಿಸಿದರೆ ಬರುವುದು ಆರ್‌ಎಫ್. ಫಾರೆಸ್ಟಾಲ್‌ನಲ್ಲಿ, ವಾಟ್‌ಮನ್ 1ರ ಮೇಲೆ ಒಪ್ಪಿಕೊಂಡ ಬೆಲೆಗಳು: ಡೆಲ್ಫಿನಿಡಿನ್ 0.32, ಸಯನಿಡಿನ್ 0.49, ಪಿಯೋನಿಡಿನ್ 0.63, ಪೆಲಾರ್ಗೊನಿಡಿನ್ 0.68. ಫ್ಲಾವನಾಲ್‌ಗಳಲ್ಲಿ ಮಿರಿಸೆಟಿನ್ 0.28, ಕ್ವೆರ್ಸೆಟಿನ್ 0.41, ಕೆಂಫೆರಾಲ್ 0.55. ಅಂದರೆ 16 ಸೆಂ.ಮೀ. ಓಟದಲ್ಲಿ ಡೆಲ್ಫಿನಿಡಿನ್ ಸುಮಾರು 5.1, ಸಯನಿಡಿನ್ 7.8, ಪೆಲಾರ್ಗೊನಿಡಿನ್ 10.9 ಸೆಂ.ಮೀ.ಯಲ್ಲಿ ಕೂರಬೇಕು. ಉಂಗುರದಲ್ಲಿ ಒಂದೊಂದು ಹೈಡ್ರಾಕ್ಸಿಲ್ ಹೆಚ್ಚಿದಂತೆ ಚುಕ್ಕೆ ಕೆಳಗಿಳಿಯುತ್ತದೆ. ಬಣ್ಣವೂ ಕಿತ್ತಳೆಗೆಂಪಿನಿಂದ ನೇರಳೆಯತ್ತ ಸರಿಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಅಂಕಿಗಳು ಹಾಗೇ ಬರುತ್ತವೆಂದು ಕಾಯಬೇಡಿ. ಸಿರಸಿಯ ಮಳೆಗಾಲದ ಗಾಳಿಯಲ್ಲಿ ಕಾಗದ ಮೊದಲೇ ತೇವ ಕುಡಿದಿರುತ್ತದೆ. ಚುಕ್ಕೆ ಹರಡುತ್ತದೆ, ಎಲ್ಲ ಬೆಲೆಗಳೂ ಒಟ್ಟಿಗೆ ಮೇಲೆ ಕೆಳಗೆ ಸರಿಯುತ್ತವೆ. ಕಾಗದವನ್ನು 50 ಡಿಗ್ರಿ ಓವನ್‌ನಲ್ಲಿ ಒಂದು ತಾಸು ಇಟ್ಟು ಡೆಸಿಕೇಟರಿನಿಂದ (ತೇವ ತಾಗದಂತೆ ಇಡುವ ಮುಚ್ಚಿದ ಪಾತ್ರೆಯಿಂದ) ನೇರ ತೆಗೆದು ಬಳಸಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಉಳಿದರ್ಧಕ್ಕೆ ಮದ್ದು ಅದೇ ಕಾಗದದ ಮೇಲಿನ ಮಾದರಿಗಳು. ಮುರುಗಲು 0.53ಕ್ಕೆ ಬಂದು, ದಾಸವಾಳವೂ 0.53ಕ್ಕೇ ಬಂದರೆ ದಾಸವಾಳದಲ್ಲಿರುವುದು ಸಯನಿಡಿನ್. ಮಾದರಿ ಇಲ್ಲದೆ ಬರೀ ಅಂಕಿ ನೋಡಿ ಹೆಸರಿಟ್ಟ ಫಲಿತಾಂಶವನ್ನು ಪ್ರಾಜೆಕ್ಟ್ ವರದಿಗೆ ಸೇರಿಸಲೇಬಾರದು.

ಕಾಗದ ಒಣಗಿದ ಮೇಲೆ ಕತ್ತಲೆಯಲ್ಲಿ ಟಾರ್ಚ್ ಹಾಕಿ. ಫ್ಲಾವನಾಲ್ ಚುಕ್ಕೆಗಳು ತಾವಾಗಿಯೇ ಹಳದಿಯಾಗಿ ಹೊಳೆಯುತ್ತವೆ. ಫ್ಲಾವೋನ್‌ಗಳು ಮಂಕು ಕಂದಾಗಿ ಕಂಡು, ಅಮೋನಿಯಾ ಆವಿ ಹಿಡಿದ ಮೇಲೆ ಹಳದಿ ಹಸಿರಾಗುತ್ತವೆ. ಕಾಗದದಲ್ಲಿ ಆಮ್ಲ ಉಳಿದಿದ್ದರೆ ಅಮೋನಿಯಾ ತಾಗಿ ಬಿಳಿ ಹೊಗೆ ಏಳುತ್ತದೆ, ಏನೂ ಕಾಣುವುದಿಲ್ಲ. ಪೂರ್ತಿ ಒಣಗಲು ಬಿಡಿ.

ಹಂತ 8: ಫಲಿತಾಂಶ ಓದುವುದು

ಈ ಜಿಲ್ಲೆಯ ಗಿಡ ಗುರುತಿಸಲು ಇಂದಿಗೂ ಕೈಗೆ ಬರುವುದು ಥಿಯೋಡೋರ್ ಕುಕ್ 1901ರಿಂದ 1908ರವರೆಗೆ ಹೊರತಂದ ಮುಂಬೈ ಪ್ರಾಂತ್ಯದ ಸಸ್ಯಕೋಶ. ಆಗ ಉತ್ತರ ಕನ್ನಡ ಆ ಪ್ರಾಂತ್ಯಕ್ಕೇ ಸೇರಿತ್ತು. ಅದರ ಕುಟುಂಬಗಳ ಕ್ರಮ ಸಸ್ಯಶಾಸ್ತ್ರಜ್ಞರಾದ ಬೆಂಥಮ್ ಮತ್ತು ಹುಕರ್ ಅವರದು (1862–1883), ನಮ್ಮ ಪದವಿ ತರಗತಿಗಳಲ್ಲಿ ಕಲಿಸುವುದೂ ಅದನ್ನೇ. ಆ ಕ್ರಮದಲ್ಲಿ ಟೇಬಲ್ ರೋಸ್‌ನ ಕುಟುಂಬ ಥಲಾಮಿಫ್ಲೋರೆ ಎಂಬ ಗುಂಪಿನಲ್ಲಿದೆ, ಕಳ್ಳಿ ಕ್ಯಾಲಿಸಿಫ್ಲೋರೆಯಲ್ಲಿ, ಬೋಗನ್‌ವಿಲ್ಲಾ ಮತ್ತು ಹರಿವೆ ಮೊನೊಕ್ಲಾಮಿಡೆಯಲ್ಲಿ. ಎಸಳು ಇದೆಯೇ, ಇಲ್ಲವೇ, ಎಲ್ಲಿ ಅಂಟಿದೆ ಎಂಬುದರ ಮೇಲೆ ಮೂರು ದಿಕ್ಕಿಗೆ ಹೋದ ಈ ಗಿಡಗಳನ್ನು ಬಿಸಿ ಆಮ್ಲದ ಮೂರನೆಯ ಪ್ರನಾಳ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. 1960ರ ದಶಕದಲ್ಲಿ ರಸಾಯನಶಾಸ್ತ್ರಜ್ಞರಾದ ಡ್ರೈಡಿಂಗ್, ಟಾಮ್ ಮ್ಯಾಬ್ರಿ ಮತ್ತವರ ಸಂಗಡಿಗರು ಬೀಟಾಲೈನ್‌ನ ರಚನೆ ಬಿಡಿಸಿದ ಮೇಲೆ ಈ ವಾದಕ್ಕೆ ಗಟ್ಟಿ ನೆಲ ಸಿಕ್ಕಿತು. ಈಗ ಇವೆಲ್ಲ ಕ್ಯಾರಿಯೋಫಿಲ್ಲೇಲೀಸ್ ಗಣದಲ್ಲಿವೆ, ಡಿಎನ್‌ಎ ಆಧಾರವೂ ಅದನ್ನೇ ಹೇಳುತ್ತದೆ.

ಪಾಗಾರದ ಇನ್ನೊಂದು ಬಳ್ಳಿ ಆಂಟಿಗೊನಾನ್ ಪಾಲಿಗೊನೇಸೀ ಕುಟುಂಬದ್ದು. ಬೆಂಥಮ್ ಮತ್ತು ಹುಕರ್ ಕ್ರಮದಲ್ಲಿ ಅದು ಬೋಗನ್‌ವಿಲ್ಲಾದ ಜೊತೆಗೇ ಇತ್ತು, ಇಂದಿನ ಕ್ರಮದಲ್ಲೂ ಅದೇ ಗಣದೊಳಗೇ ಇದೆ. ಆದರೆ ಗಣದ ಬೇರೆ ಕೊಂಬೆಯಲ್ಲಿ, ಬೀಟಾಲೈನ್ ಹುಟ್ಟಿದ ಕೊಂಬೆಯ ಹೊರಗೆ. ಕಲ್ಲುಹಾಸಿನ ಮೇಲೆ ಮಳೆಗಾಲದಲ್ಲಿ ಕಾಣುವ ಕೀಟಾಹಾರಿ ಡ್ರೊಸೆರಾ, ತೋಟದ ನೀಲಿ ಪ್ಲಂಬಾಗೋ ಕೂಡ ಆ ಹೊರಗಿನ ಕೊಂಬೆಯವೇ. ಇನ್ನು ಬೊಕೆ ಅಂಗಡಿಯ ಕಾರ್ನೇಶನ್ ತಂದು ಪರೀಕ್ಷಿಸಿದರೆ ಕೆಂಪು ನಿಲ್ಲುತ್ತದೆ. ಕ್ಯಾರಿಯೋಫಿಲ್ಲೇಸೀ, ಅಂದರೆ ಗಣಕ್ಕೆ ಹೆಸರು ಕೊಟ್ಟ ಕುಟುಂಬವೇ, ಬೀಟಾಲೈನ್ ಕೊಂಬೆಯ ನಡುವೆ ಕೂತೂ ಆಂಥೋಸಯನಿನ್ ಮಾಡುತ್ತದೆ. ಈ ಅಪವಾದವನ್ನು ಮುಚ್ಚಿಡದೆ ತರಗತಿಯಲ್ಲಿ ತೋರಿಸಬೇಕು.

ಹರಿವೆ ಎಲೆಯ ಸಾರದಲ್ಲಿ ಕ್ವೆರ್ಸೆಟಿನ್ ಚುಕ್ಕೆ ಬಂದರೆ ಗಾಬರಿ ಬೇಡ. ಬೀಟಾಲೈನ್ ಗಿಡಗಳಲ್ಲಿ ಫ್ಲಾವನಾಯ್ಡ್ ಇಲ್ಲ ಎಂದು ಬರೆಯುವುದು ವರದಿಗಳಲ್ಲಿ ಪದೇ ಪದೇ ಕಾಣುವ ತಪ್ಪು. ಅವು ಫ್ಲಾವನಾಲ್ ಮಾಡುತ್ತವೆ, ಹರಿವೆಯಲ್ಲಿ ರುಟಿನ್ (ಸಕ್ಕರೆ ಅಂಟಿದ ಕ್ವೆರ್ಸೆಟಿನ್) ಇದೆ. ಆಂಥೋಸಯನಿನ್ ಆಗುವ ಕೊನೆಯ ಮೆಟ್ಟಿಲು ಮಾತ್ರ ಹತ್ತುವುದಿಲ್ಲ.

ಗೌರಿ ಹೂವಿನಿಂದ ಇನ್ನೊಂದು ಪಾಠ. ಕೆಂಪು, ನೇರಳೆ ಎಂದು ಬಣ್ಣವಾರು ಓಡಿಸಿದರೆ ಒಂದರಲ್ಲಿ ಪೆಲಾರ್ಗೊನಿಡಿನ್, ಇನ್ನೊಂದರಲ್ಲಿ ಮಾಲ್ವಿಡಿನ್ (ಆರ್‌ಎಫ್ 0.60) ಕೈಗೆ ಬರುತ್ತವೆ. ಪ್ರಭೇದ ಒಂದೇ, ಒಂದೆರಡು ಜೀನ್‌ಗಳ ವ್ಯತ್ಯಾಸ. ಹೂವಿನ ಬಣ್ಣದ ಮೇಲೆ ಪ್ರಭೇದ ಬೇರ್ಪಡಿಸುವುದು ಎಷ್ಟು ಅಪಾಯ ಎಂಬುದಕ್ಕೆ ಇಷ್ಟು ಸಾಕು. ಟೆಕ್ಸಾಸಿನಲ್ಲಿ ಸಸ್ಯಶಾಸ್ತ್ರಜ್ಞರಾದ ಆಲ್‌ಸ್ಟನ್ ಮತ್ತು ಟರ್ನರ್ 1960ರ ದಶಕದ ಆರಂಭದಲ್ಲಿ ಬ್ಯಾಪ್ಟೀಸಿಯಾ ಗಿಡಗಳ ಮಿಶ್ರತಳಿಗಳನ್ನು ಕಾಗದದ ಮೇಲಿನ ಚುಕ್ಕೆಗಳಿಂದ ಪತ್ತೆ ಮಾಡಿದಾಗ ನಂಬಿದ್ದು ಒಂದು ಚುಕ್ಕೆಯನ್ನಲ್ಲ, ಎರಡೂ ಪೋಷಕ ಪ್ರಭೇದಗಳ ಚುಕ್ಕೆಗಳು ಮಿಶ್ರತಳಿಯಲ್ಲಿ ಒಟ್ಟಿಗೆ ಬಂದ ಇಡೀ ನಕ್ಷೆಯನ್ನು.

ಹಂತ 9: ಎಲೆ, ಮತ್ತು ಸಿಕ್ಕಿಕೊಂಡ ಜಾಗ

ಹುಲ್ಲು ಮತ್ತು ತಾಳೆ ಕುಟುಂಬಗಳ ಎಲೆಗಳಲ್ಲಿ ಟ್ರಿಸಿನ್ ಎಂಬ ಫ್ಲಾವೋನ್ ಮತ್ತು ಸಿ-ಗ್ಲೈಕೊಸೈಡ್‌ಗಳು ಹೆಚ್ಚು. ಅಡಿಕೆ, ತೆಂಗು, ಬಿದಿರು, ಗರಿಕೆ ಪಕ್ಕಪಕ್ಕ ಓಡಿಸಿ ನೋಡುವ ಯೋಜನೆ ಇದು.

ಸಿ-ಗ್ಲೈಕೊಸೈಡ್‌ನಲ್ಲಿ ಸಕ್ಕರೆ ನೇರ ಇಂಗಾಲಕ್ಕೆ ಅಂಟಿರುವುದರಿಂದ 40 ನಿಮಿಷ ಕುದಿಸಿದರೂ ಕಳಚುವುದಿಲ್ಲ. ಈಥೈಲ್ ಅಸಿಟೇಟ್‌ಗೂ ಪೂರ್ತಿ ಬರುವುದಿಲ್ಲ, ಒಂದು ಪಾಲು ನೀರಿನಲ್ಲೇ ಉಳಿಯುತ್ತದೆ. ಹೂವಿನ ಅಭ್ಯಾಸದಲ್ಲಿ ಆ ನೀರು ಚೆಲ್ಲಿದರೆ ಬೇಕಾದದ್ದೇ ಹೋದಂತೆ. ಎಲೆಯ ನೀರಿನ ಪದರವನ್ನು ಅಮೈಲ್ ಆಲ್ಕೊಹಾಲಿನಲ್ಲಿ ತೆಗೆದು ಪ್ರತ್ಯೇಕ ಓಡಿಸಬೇಕು. ದ್ರಾವಣವೂ ಬೇರೆ: ಬ್ಯುಟನಾಲ್ 40, ಅಸಿಟಿಕ್ ಆಮ್ಲ 10, ನೀರು 50 ಕುಲುಕಿ, ಪದರ ಬೇರೆಯಾದ ಮೇಲೆ ಮೇಲಿನದನ್ನಷ್ಟೇ ಬಳಸುವುದು. ರಾತ್ರಿಯಿಡೀ ಬೇಕು. ಇದನ್ನು ಪ್ರತಿ ಸಲ ಹೊಸದಾಗಿ ಮಾಡಿಕೊಳ್ಳಿ. ಹಳೆಯದಾದಂತೆ ಬ್ಯುಟನಾಲ್ ಮತ್ತು ಅಸಿಟಿಕ್ ಆಮ್ಲ ಸೇರಿ ಬ್ಯುಟೈಲ್ ಅಸಿಟೇಟ್ ಆಗುತ್ತದೆ, ಹಣ್ಣಿನ ವಾಸನೆ ಬರತೊಡಗುತ್ತದೆ, ಚುಕ್ಕೆಗಳ ಜಾಗ ಬದಲಾಗುತ್ತದೆ.

ಸಿಕ್ಕು ಇರುವುದು ಇಲ್ಲಿ: ವೈಟೆಕ್ಸಿನ್ ಮತ್ತು ಐಸೊವೈಟೆಕ್ಸಿನ್ ಎಂಬ ಸಿ-ಗ್ಲೈಕೊಸೈಡ್‌ಗಳು ಬಿಸಿ ಆಮ್ಲದಲ್ಲಿ ಒಂದು ಇನ್ನೊಂದಾಗಿ ತಿರುಗಿ ಎರಡರ ಮಿಶ್ರಣವಾಗುತ್ತವೆ. ಎಲೆಯಲ್ಲಿ ಒಂದೇ ಇದ್ದರೂ ಕಾಗದದ ಮೇಲೆ ಎರಡು ಚುಕ್ಕೆ. ಅಡಿಕೆ ಎಲೆಯ ಎರಡು ಮಂಕು ಚುಕ್ಕೆಗಳಲ್ಲಿ ಎಲೆಯದೆಷ್ಟು, ಕುದಿಸಿದ್ದರಿಂದ ಆದದ್ದೆಷ್ಟು ಎಂದು ಈ ವಿಧಾನದಲ್ಲಿ ಹೇಳಲಾಗದು. ಕುದಿಸದ ಸಾರವನ್ನು ಎರಡು ದಿಕ್ಕಿನಲ್ಲಿ, ಮೊದಲು ಬ್ಯುಟನಾಲ್ ಮಿಶ್ರಣದಲ್ಲಿ, ಒಣಗಿಸಿ ತಿರುಗಿಸಿ ಶೇಕಡಾ 15ರ ಅಸಿಟಿಕ್ ಆಮ್ಲದಲ್ಲಿ ಓಡಿಸುವುದು ಮುಂದಿನ ಹೆಜ್ಜೆ. ಅದಕ್ಕೆ ಸುತ್ತಿದ ಕಾಗದದ ಅಳತೆ ಸಾಲದು, ಕನಿಷ್ಠ 23 × 23 ತುಂಡು ಮತ್ತು ಅಗಲ ಬಾಯಿಯ ಚೌಕ ಗಾಜಿನ ತೊಟ್ಟಿ ಬೇಕು. ಮೀನು ಸಾಕುವ ಹಳೆಯ ಗಾಜಿನ ಪೆಟ್ಟಿಗೆ ಸಿಕ್ಕರೆ ಆದೀತು, ಆದರೆ ಅಂಚಿನ ಸಿಲಿಕಾನ್ ಅಂಟು ಈ ಆವಿಗೆ ತಡೆಯುತ್ತದೆಯೇ ಎಂದು ಮೊದಲು ಖಾಲಿ ದ್ರಾವಣ ಇಟ್ಟು ಪರೀಕ್ಷಿಸಬೇಕು.

ಹಂತ 10: ಇಡುವುದು

ಪ್ರತಿ ಹೂವಿಗೂ ಅದೇ ಗಿಡದ ಕೊಂಬೆಯೊಂದನ್ನು ಒತ್ತಿ ಒಣಗಿಸಿದ ಹರ್ಬೇರಿಯಂ ಹಾಳೆ ಇರಲೇಬೇಕು. ಗಿಡದ ಹೆಸರು ನಾಳೆ ಬದಲಾದರೂ ಹಾಳೆ ತೆಗೆದು ನೋಡಬಹುದು. ಹಾಳೆ ಇಲ್ಲದ ಕ್ರೊಮಟೊಗ್ರಾಮ್ (ಚುಕ್ಕೆ ಮೂಡಿದ ಕಾಗದ) ಯಾವ ಗಿಡದ್ದೆಂದು ಯಾರೂ ಹೇಳಲಾರರು. ಮಳೆಗಾಲದಲ್ಲಿ ಪತ್ರಿಕೆಯ ಕಾಗದವನ್ನು ದಿನಕ್ಕೆ ಎರಡು ಸಲ ಬದಲಿಸದಿದ್ದರೆ ಬೂಷ್ಟು ಖಂಡಿತ. ಬಸಳೆ, ಟೇಬಲ್ ರೋಸ್‌ನಂಥ ರಸಭರಿತ ಗಿಡಗಳನ್ನು ಒತ್ತುವ ಮೊದಲು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ. ಇಲ್ಲದಿದ್ದರೆ ಹಾಳೆಯೊಳಗೇ ಚಿಗುರುತ್ತವೆ. ಅದ್ದಿದ್ದರ ಬಣ್ಣ ಹೋಗುತ್ತದೆ, ಆದ್ದರಿಂದ ಪರೀಕ್ಷೆಗೆ ಬೇಕಾದ ಭಾಗ ಮೊದಲೇ ತೆಗೆದಿಡಿ.

ಹರ್ಬೇರಿಯಂ ಸಂಖ್ಯೆ, ಊರು, ದಿನಾಂಕ, ದ್ರಾವಣ, ಮುಂಚೂಣಿಯ ದೂರ ಇಷ್ಟನ್ನೂ ಕ್ರೊಮಟೊಗ್ರಾಮಿನ ಮೇಲ್ತುದಿಯಲ್ಲಿ ಸೀಸದ ಕಡ್ಡಿಯಲ್ಲೇ ಬರೆಯಿರಿ. ಆಂಥೋಸಯನಿಡಿನ್ ಚುಕ್ಕೆಗಳು ಕೆಲವೇ ದಿನಗಳಲ್ಲಿ ಮಾಸುತ್ತವೆ. ಒಣಗಿದ ಕೂಡಲೇ ಒಂದು ಸ್ಕೇಲು ಪಕ್ಕದಲ್ಲಿಟ್ಟು ಹಗಲ ಬೆಳಕಿನಲ್ಲಿ ಒಂದು, ಟಾರ್ಚಿನ ಬೆಳಕಿನಲ್ಲಿ ಒಂದು, ಅಮೋನಿಯಾ ತಾಗಿದ ಮೇಲೆ ಒಂದು ಫೋಟೋ ತೆಗೆಯಿರಿ. ಟಾರ್ಚಿನ ಫೋಟೋಗೆ ಮೊಬೈಲಿನ ಫ್ಲ್ಯಾಶ್ ಆರಿಸಿ, ಎಕ್ಸ್‌ಪೋಶರ್ ಕೈಯಿಂದಲೇ ತಗ್ಗಿಸಿ. ಹಾಗೇ ಬಿಟ್ಟರೆ ಕ್ಯಾಮೆರಾ ಕತ್ತಲೆಯನ್ನು ಬೆಳಗಿಸಲು ಹೋಗಿ ಕ್ವೆರ್ಸೆಟಿನ್‌ನ ಹಳದಿಯನ್ನೂ ಕಾಗದದ ನೀಲಿಯನ್ನೂ ಒಂದೇ ಮಾಡಿಬಿಡುತ್ತದೆ.